ಕಷಾಯವನ್ನು ನಾವು ಔಷಧಿ ಅಂತ ಲೆಕ್ಕ ಹಾಕಿರಲಿಲ್ಲ

ಅಪ್ಪ ದಿನಾ ಬೆಳಿಗ್ಗೆ ಪೇಪರಿನ ಪದಬಂಧ ತುಂಬಿಸುತ್ತಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ. ಆ ಜುಲೈ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಒಂದು ಅಕ್ಷರವೂ ಚೌಕದೊಳಗೆ ನಿಂತಿರಲಿಲ್ಲ. ಕೈ ನಡುಗುತ್ತಿತ್ತು. ಕಾಫಿ ಲೋಟ ಹಿಡಿದರೆ ತಟ್ಟೆಗೆ ಬಡಿದು ಸದ್ದಾಗುತ್ತಿತ್ತು. ವಯಸ್ಸಾಯಿತಲ್ಲ, ಮಳೆ ಚಳಿ ಬೇರೆ, ಅಂತ ಅವರೇ ಸಮಾಧಾನ ಹೇಳಿಕೊಂಡರು.

ಅವರಿಗೆ ಕಿಡ್ನಿ ಕಸಿಯಾಗಿ ಆಗ ಐದು ತಿಂಗಳು. ಕೊಟ್ಟಿದ್ದು ಅಮ್ಮ. ಅದಕ್ಕೂ ಮುಂಚೆ ವರ್ಷಕ್ಕಿಂತ ಜಾಸ್ತಿ ಕಾಲ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಪರೇಷನ್ ಬೆಂಗಳೂರಿನಲ್ಲಿ, ಮನೆ ತಿಪಟೂರಿನ ಹತ್ತಿರ. ಆ ಎರಡು ತಿಂಗಳಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮ ಮನೆಯಂಥ ಮನೆಗಳು ಬಹಳ ಇವೆ. ಕಸಿಯಾದವರು ಇದ್ದಾರೆ, ಅಡುಗೆಮನೆಯಲ್ಲಿ ಕಷಾಯದ ಪುಡಿಯೂ ಇದೆ.

ಮೊದಲು ಮಾತ್ರೆಯ ವಿಷಯ. ಬೇರೆಯವರ ಅಂಗವನ್ನು ದೇಹ ಪರಕೀಯ ಅಂತಲೇ ನೋಡುತ್ತದೆ, ಅದರ ಮೇಲೆ ಏರಿ ಹೋಗದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಇಡಬೇಕು. ಅಪ್ಪನಿಗೆ ಮೂರು ಔಷಧಿ: ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್. ಇದರಲ್ಲಿ ಟ್ಯಾಕ್ರೊಲಿಮಸ್ ಬಹಳ ಸೂಕ್ಷ್ಮ. ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಜಾಸ್ತಿಯಾದರೆ ಅದೇ ಔಷಧಿ ಅದೇ ಕಿಡ್ನಿಯನ್ನು ಹಾಳು ಮಾಡುತ್ತದೆ. ಅದಕ್ಕೇ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ನೋಡುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಟ್ಯಾಕ್ ಲೆವೆಲ್ ಅಂತಲೇ ಕರೆಯುವುದು. ಬೆಳಗಿನ ಡೋಸ್ ನುಂಗುವ ಮುಂಚೆ, ಅಂದರೆ ಹಿಂದಿನ ರಾತ್ರಿಯ ಡೋಸ್ ಆಗಿ 12 ಗಂಟೆಯಾದ ಮೇಲೆ, ರಕ್ತ ಕೊಡಬೇಕು. ಮಾತ್ರೆ ನುಂಗಿ ಹೋಗಿ ಕೊಟ್ಟರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಅಪ್ಪನಿಗೆ ಬೆಳಿಗ್ಗೆ 8ಕ್ಕೆ 2 ಮಿ.ಗ್ರಾಂ, ರಾತ್ರಿ 8ಕ್ಕೆ 2 ಮಿ.ಗ್ರಾಂ. ಲೆವೆಲ್ 7ರಿಂದ 10ರ ಒಳಗೆ ಇರಲಿ ಅಂತ ಡಾಕ್ಟರ್ ಹೇಳಿದ್ದರು. ಜೂನ್‌ನಲ್ಲಿ 7.8 ಇತ್ತು. ಕಿಡ್ನಿ ಸೊರಗಿದಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.2. ಎಲ್ಲ ಸರಿ ಇತ್ತು.

ಕೈ ನಡುಗಿದ ಮರುದಿನ ರಕ್ತ ಕೊಟ್ಟೆವು. ಟ್ಯಾಕ್ ಲೆವೆಲ್ 17.6, ಕ್ರಿಯಾಟಿನಿನ್ 1.7, ಪೊಟ್ಯಾಸಿಯಂ 5.6. ರಿಪೋರ್ಟ್ ಫೋನಿಗೆ ಬಂದಾಗ ನಾನು ಬಸ್ಸಿನಲ್ಲಿದ್ದೆ. ಆ ಸಂಖ್ಯೆಯನ್ನು ನಾಲ್ಕು ಸಲ ಓದಿದೆ. ಡೋಸ್ ಒಂದು ಚೂರೂ ಬದಲಾಗಿರಲಿಲ್ಲ. ಮಾತ್ರೆ ಡಬ್ಬಿ ತುಂಬಿಸುವವಳು ನಾನೇ, ಎಣಿಸಿ ನೋಡಿದೆ, ಎರಡು ಸಲ ನುಂಗಿರುವ ಸಾಧ್ಯತೆಯೂ ಇರಲಿಲ್ಲ.

ಫೋನಿನಲ್ಲಿ ಡಾಕ್ಟರ್ ಕೇಳಿದ್ದು ಒಳ್ಳೆಯ ಪ್ರಶ್ನೆಗಳನ್ನೇ. ಭೇದಿ ಆಗಿದೆಯಾ? (ಭೇದಿಯಾದರೆ ಟ್ಯಾಕ್ ಲೆವೆಲ್ ಇಳಿಯುವುದಲ್ಲ, ಏರುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.) ಇಲ್ಲ. ಯಾರಾದರೂ ಆಂಟಿಬಯಾಟಿಕ್ ಕೊಟ್ಟರಾ, ಫಂಗಸ್‌ಗೆ ಮಾತ್ರೆ ಕೊಟ್ಟರಾ? ಇಲ್ಲ. ಬೇರೆ ಯಾವುದಾದರೂ ಔಷಧಿ ತಗೊಳ್ತಿದ್ದಾರಾ?

ಇಲ್ಲ ಡಾಕ್ಟ್ರೇ, ಏನೂ ಇಲ್ಲ, ಅಂದೆ.

ನಾನು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ನಿಜವಾಗಿಯೂ ಅದೇ ಉತ್ತರ ಇತ್ತು.

ಆಗ ನಡೆಯುತ್ತಿದ್ದದ್ದು ಇದು. ಆಷಾಢದ ಜಿಟಿ ಜಿಟಿ ಮಳೆಗೆ ಅಪ್ಪನಿಗೆ ಶೀತ, ಗಂಟಲು ಕೆರೆತ ಶುರುವಾಗಿತ್ತು. ಜ್ವರ ಇರಲಿಲ್ಲ. ಕಸಿಯಾದವರಿಗೆ ಸೋಂಕು ತಗುಲಿದರೆ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರಲ್ಲ, ಅದಕ್ಕೇ ನಾನು ಅಜ್ಜಿಯ ಕಾಲದ ಕಷಾಯದ ಪುಡಿ ಮಾಡಿದೆ. ಕಾಳುಮೆಣಸು, ಹಿಪ್ಪಲಿ, ಒಣಶುಂಠಿ, ಕೊತ್ತಂಬರಿ, ಜೀರಿಗೆ, ಅರಿಶಿನ. ಬೇಗ ವಾಸಿಯಾಗಲಿ ಅಂತ ಮೆಣಸು, ಹಿಪ್ಪಲಿ ಸ್ವಲ್ಪ ಜಾಸ್ತಿಯೇ ಹಾಕಿದೆ. ಬೆಲ್ಲ, ಹಾಲು ಸೇರಿಸಿ ಕುದಿಸಿ, ಸೋಸದೆ, ದಿನಕ್ಕೆ ಎರಡು ದೊಡ್ಡ ಲೋಟ. ಅದೇ ವಾರ ಅಮೆರಿಕದಿಂದ ಬಂದಿದ್ದ ಚಿಕ್ಕಪ್ಪನ ಮಗ ಒಂದು ಡಬ್ಬಿ ಕ್ಯಾಪ್ಸೂಲ್ ತಂದುಕೊಟ್ಟ. ಅರಿಶಿನದ್ದು ದೊಡ್ಡಪ್ಪ, ಅಲ್ಲಿ ಎಲ್ಲರೂ ತಗೊಳ್ತಾರೆ, ಅಂದ. ಪ್ರೀತಿಯಿಂದ ತಂದದ್ದು. ಅಪ್ಪ ಅದನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗತೊಡಗಿದರು. ಮರೆಯಬಾರದಲ್ಲ ಅಂತ ಕಸಿ ಮಾತ್ರೆಗಳ ಜೊತೆಗೇ, ಸರಿಯಾಗಿ 8 ಗಂಟೆಗೆ.

ಇದ್ಯಾವುದೂ ನಮ್ಮ ಲೆಕ್ಕದಲ್ಲಿ ಔಷಧಿ ಅಲ್ಲ. ಔಷಧಿ ಅಂದರೆ ಚೀಟಿ ಬರೆದು ಕೊಡುವಂಥದ್ದು. ಕಷಾಯ ಅಂದರೆ ಮನೆ. ಅರಿಶಿನ ಅಂದರೆ ಅಡುಗೆ.

ಡಾಕ್ಟರ್ ಡೋಸ್ ಇಳಿಸಿದರು. ಒಂದು ಹೊತ್ತು ನಿಲ್ಲಿಸಿ, ಆಮೇಲೆ ಬೆಳಿಗ್ಗೆ ಒಂದೂವರೆ, ರಾತ್ರಿ ಒಂದು. ಐದು ದಿನ ಬಿಟ್ಟು ನೋಡಿದರೆ 13.9. ಡೋಸ್ ಇಷ್ಟು ಇಳಿಸಿದರೂ ಇನ್ನೂ ಮೇಲೆಯೇ ಇದೆಯಲ್ಲ ಅಂತ ಅವರಿಗೂ ಆಶ್ಚರ್ಯ. ಇನ್ನೂ ಇಳಿಸಿ ಬೆಳಿಗ್ಗೆ 1, ರಾತ್ರಿ 1 ಮಾಡಿದರು. ನಡುಕ ಕಡಿಮೆಯಾಯಿತು. ಮುಂದಿನ ಟೆಸ್ಟ್‌ನಲ್ಲಿ 9.2. ನಾವು ನಿಟ್ಟುಸಿರು ಬಿಟ್ಟೆವು.

ನಿಜವಾದ ಅಪಾಯ ಬಂದದ್ದು ಅಲ್ಲಿಂದ ಮುಂದೆ. ಏರಿದ ಸಂಖ್ಯೆಯನ್ನು ನೋಡಿದರೆ ಎಲ್ಲರೂ ಹೆದರುತ್ತಾರೆ, ನಮ್ಮನ್ನು ಮುಳುಗಿಸಲು ಹೊರಟಿದ್ದು ಇಳಿದ ಸಂಖ್ಯೆ.

ಶೀತ ಹೋಯಿತು. ಶೀತ ಹೋದ ಮೇಲೆ ಕಷಾಯ ಯಾಕೆ? ನಿಲ್ಲಿಸಿದೆ. ಕ್ಯಾಪ್ಸೂಲಿನ ಡಬ್ಬಿಯೂ ಹೆಚ್ಚುಕಡಿಮೆ ಅದೇ ವಾರ ಖಾಲಿಯಾಯಿತು. ಟ್ಯಾಕ್ರೊಲಿಮಸ್ ಮಾತ್ರ 1 ಮತ್ತು 1ರಲ್ಲೇ ಉಳಿಯಿತು, ಯಾಕೆಂದರೆ ಕಳೆದ ರಿಪೋರ್ಟ್ ಚೆನ್ನಾಗಿತ್ತು. ಅದು ಕಷಾಯದ ಜೊತೆಗಿನ ಚೆನ್ನ ಅಂತ ಯಾರಿಗೂ ಗೊತ್ತಿರಲಿಲ್ಲ. ಹದಿನೇಳು ದಿನ ಬಿಟ್ಟು ಕೊಟ್ಟ ರಕ್ತದಲ್ಲಿ ಲೆವೆಲ್ 3.6. ಕ್ರಿಯಾಟಿನಿನ್ 2.0.

ಅವತ್ತೇ ಬೆಂಗಳೂರಿಗೆ ಹೊರಟೆವು. ದಾರಿಯುದ್ದಕ್ಕೂ ಅಮ್ಮ ಒಂದು ಮಾತೂ ಆಡಲಿಲ್ಲ, ಸೊಂಟದ ಪಕ್ಕ ಹೊಲಿಗೆ ಹಾಕಿದ ಜಾಗದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಬಯಾಪ್ಸಿ ಮಾಡಿದರು. ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುವುದು, ಶುರುವಾಗಿತ್ತು, ಆರಂಭದ ಹಂತ. ಮೂರು ದಿನ ದಿನಕ್ಕೆ 500 ಮಿ.ಗ್ರಾಂನಂತೆ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ರಕ್ತನಾಳದ ಮೂಲಕ ಕೊಟ್ಟರು. ಸಕ್ಕರೆ ಏರಿತು, ನಿದ್ದೆ ಹೋಯಿತು, ಆದರೆ ಕಿಡ್ನಿ ಉಳಿಯಿತು.

ಕಷಾಯದ ವಿಷಯ ಹೊರಬಂದದ್ದು ಎರಡನೇ ದಿನ ಸಂಜೆ. ಅಲ್ಲಿನ ಫಾರ್ಮಸಿಸ್ಟ್ ಹುಡುಗಿಯೊಬ್ಬಳು ಬಂದು ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಔಷಧಿಯ ಮಾತೇ ಎತ್ತಲಿಲ್ಲ. ಅಮ್ಮನ ಕಡೆ ತಿರುಗಿ, ಬೆಳಿಗ್ಗೆ ಎದ್ದಾಗಿಂದ ಮಲಗುವ ತನಕ ಯಜಮಾನರು ಏನೇನು ತಿಂತಾರೆ, ಕುಡೀತಾರೆ, ಸುಮ್ನೆ ಹೇಳ್ತಾ ಹೋಗಿ ಅಮ್ಮಾ, ಅಂದಳು. ಅಮ್ಮ ಹೇಳುತ್ತಾ ಹೋದರು. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಹೋದ ತಿಂಗಳು ಶೀತ ಇದ್ದಾಗ ಕಷಾಯ. ಅವಳ ಪೆನ್ನು ಅಲ್ಲಿ ನಿಂತಿತು. ಅದಕ್ಕೆ ಏನೇನು ಹಾಕಿದ್ರಿ?

ಹೇಳಿದೆವು. ಕ್ಯಾಪ್ಸೂಲಿನ ಡಬ್ಬಿ ಮನೆಯಲ್ಲಿತ್ತು, ತಮ್ಮನಿಗೆ ಹೇಳಿ ಫೋಟೊ ತರಿಸಿದೆ. ಒಂದೊಂದರಲ್ಲಿ 500 ಮಿ.ಗ್ರಾಂ ಅರಿಶಿನದ ಸಾರ, ಅದರಲ್ಲಿ ಶೇ 95 ಕರ್ಕ್ಯುಮಿನ್, ಅಂದರೆ ಅರಿಶಿನದ ಮುಖ್ಯ ಅಂಶ. ಕೆಳಗೆ ಸಣ್ಣ ಅಕ್ಷರದಲ್ಲಿ, ಕರಿಮೆಣಸಿನ ಸಾರ 5 ಮಿ.ಗ್ರಾಂ.

ಆಮೇಲೆ ಅವಳೂ ಡಾಕ್ಟರೂ ವಿವರಿಸಿದ್ದನ್ನು, ನಾನು ಓದಿ ತಿಳಿದದ್ದನ್ನು ಸೇರಿಸಿ ಬರೆಯುತ್ತೇನೆ.

ಟ್ಯಾಕ್ರೊಲಿಮಸ್ ನುಂಗಿದರೆ ಅದರಲ್ಲಿ ಸರಾಸರಿ ಕಾಲು ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದದ್ದನ್ನು ಕರುಳಿನ ಗೋಡೆ ಮತ್ತು ಲಿವರ್ ತಡೆಯುತ್ತವೆ. ಅಲ್ಲಿ ಸಿವೈಪಿ 3ಎ4 ಅನ್ನುವ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಪಿ-ಗ್ಲೈಕೊಪ್ರೋಟೀನ್ ಅನ್ನುವ ಇನ್ನೊಂದು, ಒಳಗೆ ಬಂದದ್ದನ್ನು ಪಂಪಿನ ಹಾಗೆ ಮತ್ತೆ ಕರುಳಿಗೇ ದಬ್ಬುತ್ತದೆ. ಡಾಕ್ಟರ್ ಡೋಸ್ ನಿಗದಿ ಮಾಡುವುದು ಈ ಎರಡು ಕಾವಲುಗಾರರು ಎಂದಿನಂತೆ ಕೆಲಸ ಮಾಡುತ್ತಾರೆ ಅನ್ನುವ ಲೆಕ್ಕದಲ್ಲಿ. ಈ ಕಾವಲನ್ನು ಏನಾದರೂ ಕಟ್ಟಿಹಾಕಿದರೆ ಅದೇ 2 ಮಿ.ಗ್ರಾಂ ಮಾತ್ರೆ ದೇಹಕ್ಕೆ 4 ಮಿ.ಗ್ರಾಂ ನುಂಗಿದ ಹಾಗಾಗಬಹುದು.

ಕಾಳುಮೆಣಸಿನ ಖಾರಕ್ಕೆ ಕಾರಣ ಪಿಪೆರಿನ್. ಹಿಪ್ಪಲಿಯಲ್ಲೂ ಅದೇ ಇದೆ. ಪ್ರಯೋಗಾಲಯದಲ್ಲಿ ಈ ಪಿಪೆರಿನ್ ಆ ಎರಡು ಕಾವಲನ್ನೂ ತಡೆಯುತ್ತದೆ ಅಂತ 2002ರಲ್ಲೇ ತೋರಿಸಿದ್ದಾರೆ. ಆ ಪ್ರಯೋಗದಲ್ಲಿ ಬಳಸಿದ ಔಷಧಿಗಳಲ್ಲಿ ಸೈಕ್ಲೊಸ್ಪೋರಿನ್ ಕೂಡ ಒಂದು, ಅದೂ ಕಸಿಯಾದವರಿಗೆ ಕೊಡುವ ಔಷಧಿಯೇ. ಇನ್ನೊಂದು ಕೆಲಸ ನಮ್ಮ ಬೆಂಗಳೂರಿನದು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಫಾರ್ಮಕಾಲಜಿ ವಿಭಾಗದವರು 1998ರಲ್ಲಿ ಪ್ರಕಟಿಸಿದ್ದು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಅದರ ಜೊತೆ ಬರೀ 20 ಮಿ.ಗ್ರಾಂ ಪಿಪೆರಿನ್ ಸೇರಿಸಿದಾಗ ದೇಹಕ್ಕೆ ಸೇರಿದ ಕರ್ಕ್ಯುಮಿನ್ ಶೇ 2000ರಷ್ಟು ಏರಿತು. ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ ಅರಿಶಿನದ ಕ್ಯಾಪ್ಸೂಲ್ ಕೊಂಡರೂ ಅದರಲ್ಲಿ ಮೆಣಸಿನ ಸಾರ ಇರುವುದು ಸಾಮಾನ್ಯ, ಅದರ ಹಿಂದಿರುವ ಲೆಕ್ಕ ಇದೇ.

ಮೆಣಸಿನ ಈ ಗುಣ ಎಷ್ಟು ನಿಜ ಅಂದರೆ ಅದನ್ನು ಔಷಧಿಯಾಗಿಯೇ ಬಳಸಿದ್ದಾರೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸಾಮಾನ್ಯವಾಗಿ 450 ಮಿ.ಗ್ರಾಂ ಬೇಕು. ಜಮ್ಮುವಿನ ಸರ್ಕಾರಿ ಪ್ರಯೋಗಾಲಯದವರ ಜೊತೆ ಸೇರಿ ಮಾಡಿ 2009ರಲ್ಲಿ ಮಾರುಕಟ್ಟೆಗೆ ಬಂದ ರಿಸೊರಿನ್ ಅನ್ನುವ ಮಾತ್ರೆಯಲ್ಲಿ ರಿಫಾಂಪಿಸಿನ್ 200 ಮಿ.ಗ್ರಾಂ ಮಾತ್ರ, ಜೊತೆಗೆ 10 ಮಿ.ಗ್ರಾಂ ಪಿಪೆರಿನ್. ಹತ್ತೇ ಮಿಲಿಗ್ರಾಂ.

ಈಗ ನನ್ನ ಕಷಾಯದ ಲೆಕ್ಕ ಹಾಕಿ. ಮೆಣಸಿನಲ್ಲಿ ಪಿಪೆರಿನ್ ಸುಮಾರು ಶೇ 5. ನಾನು ಲೋಟಕ್ಕೆ ಹಾಕುತ್ತಿದ್ದ ಪುಡಿಯಲ್ಲಿ ಮೆಣಸು, ಹಿಪ್ಪಲಿ ಸೇರಿ ಕಡಿಮೆ ಅಂದರೂ 2 ಗ್ರಾಂ. ಅಂದರೆ ಲೋಟಕ್ಕೆ 100 ಮಿ.ಗ್ರಾಂ ಹತ್ತಿರ ಹತ್ತಿರ, ದಿನಕ್ಕೆ ಎರಡು ಲೋಟ. ಅದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಪಿಪೆರಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಆದರೆ ನಾನು ಸೋಸುತ್ತಿರಲಿಲ್ಲ, ಹಾಲು ಬೇರೆ ಹಾಕುತ್ತಿದ್ದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದು ಟೀ ಚಮಚ 3 ಗ್ರಾಂ ಅಂದುಕೊಂಡರೆ 90 ಮಿ.ಗ್ರಾಂ. ಆ ಪುಟ್ಟ ಕ್ಯಾಪ್ಸೂಲ್ ಒಂದೊಂದೂ ಐದು ಚಮಚ ಅರಿಶಿನಕ್ಕೆ ಸಮ. ಯಾವ ಸಾರಿಗೆ ಯಾರು ತಾನೇ ಐದು ಚಮಚ ಅರಿಶಿನ ಹಾಕುತ್ತಾರೆ?

ಅರಿಶಿನ ಒಂದೇ ಇದ್ದರೂ ತೊಂದರೆ ಆದದ್ದುಂಟು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಕರಣದಲ್ಲಿ, ಲಿವರ್ ಕಸಿಯಾದ ಒಬ್ಬರು ದಿನಾ ಚಮಚಗಟ್ಟಲೆ ಅರಿಶಿನ ಪುಡಿಯನ್ನು ಊಟಕ್ಕೆ ಬೆರೆಸಿ ತಿಂದು, ಟ್ಯಾಕ್ರೊಲಿಮಸ್ ವಿಪರೀತ ಏರಿ, ಕಿಡ್ನಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಇಲಿಗಳ ಮೇಲೆ ಜಪಾನಿನವರು ಮಾಡಿದ ಪ್ರಯೋಗದಲ್ಲಿ ಅರಿಶಿನದ ರಸ, ಶುಂಠಿ ರಸ, ಚಕ್ಕೋತದ ರಸ ಮೂರೂ ಟ್ಯಾಕ್ರೊಲಿಮಸ್ ಅನ್ನು ಏರಿಸಿದವು.

ಚಕ್ಕೋತ ಅಂದಾಗ ನಾನು ಬೆಚ್ಚಿದೆ. ಆಸ್ಪತ್ರೆಯಿಂದ ಕೊಟ್ಟ ಪಟ್ಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಇತ್ತು. ನಮ್ಮ ಕಡೆ ಗ್ರೇಪ್‌ಫ್ರೂಟ್ ಕಂಡವರು ಯಾರು? ದ್ರಾಕ್ಷಿ ಅಂದುಕೊಂಡು ಅಪ್ಪ ಐದು ತಿಂಗಳು ದ್ರಾಕ್ಷಿ ಮುಟ್ಟಿರಲಿಲ್ಲ. ಗ್ರೇಪ್‌ಫ್ರೂಟ್ ಅಂದರೆ ಕಿತ್ತಳೆ ಜಾತಿಯ ಹಣ್ಣು, ಅದರ ಹತ್ತಿರದ ನೆಂಟ ಚಕ್ಕೋತ, ಜಿಐ ಗುರುತು ಪಡೆದ ನಮ್ಮ ದೇವನಹಳ್ಳಿಯ ಹಣ್ಣೇ. ಅದರಲ್ಲೂ ಅದೇ ಬಗೆಯ ರಾಸಾಯನಿಕಗಳಿವೆ, ಕರುಳಿನ ಆ ಕಿಣ್ವವನ್ನು ಕೆಡಿಸುತ್ತವೆ. ಜಪಾನಿನಲ್ಲಿ ಕಿಡ್ನಿ ಕಸಿಯಾದ ಒಬ್ಬರಿಗೆ ಚಕ್ಕೋತ ತಿಂದ ಮೇಲೆ ಟ್ಯಾಕ್ ಲೆವೆಲ್ ಏರಿದ್ದು 2003ರಲ್ಲೇ ವರದಿಯಾಗಿದೆ. ಕನ್ನಡದಲ್ಲಿ ಕೊಡುವ ಪಟ್ಟಿಯಲ್ಲಿ ಚಕ್ಕೋತ ಅಂತ ಬರೆದರೆ ಎಷ್ಟು ಜನಕ್ಕೆ ಉಪಯೋಗ ಅಲ್ವಾ? ಇಂಗ್ಲಿಷ್ ಪಟ್ಟಿಯನ್ನು ಅಕ್ಷರ ಬದಲಾಯಿಸಿ ಅಚ್ಚು ಹಾಕಿದರೆ ಸಾಲದು.

ಹಾಗಾದರೆ ಕಷಾಯವೇ ಕಾರಣ ಅಂತ ಖಂಡಿತ ಹೇಳಬಹುದಾ? ಡಾಕ್ಟರ್ ಹಾಗೆ ಹೇಳಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಇನ್ನೂ ಗೌರವ. ಸೋಂಕು, ಉರಿಯೂತ ಇದ್ದಾಗಲೂ ಈ ಕಿಣ್ವಗಳು ಮಂಕಾಗುತ್ತವೆ, ಶೀತದ್ದೂ ಸ್ವಲ್ಪ ಪಾಲು ಇರಬಹುದು ಅಂದರು. ಕ್ಯಾಪ್ಸೂಲೋ, ಕಷಾಯವೋ, ಯಾವುದರದ್ದು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಮತ್ತೆ ಕುಡಿಸಿ ಪರೀಕ್ಷೆ ಮಾಡುವ ಮಾತಂತೂ ಇಲ್ಲ. ನಮಗಿರುವ ಸಾಕ್ಷಿ ಇಷ್ಟು: ಶುರು ಮಾಡಿದಾಗ ಏರಿತು, ನಿಲ್ಲಿಸಿದಾಗ ಇಳಿಯಿತು, ಎರಡೂ ಇಲ್ಲದೆ ಹಳೆಯ 2 ಮತ್ತು 2ಕ್ಕೆ ವಾಪಸ್ ಹೋದಾಗ ಲೆವೆಲ್ 8.1ಕ್ಕೆ ಬಂದು ನಿಂತಿತು. ಜೂನ್‌ನಲ್ಲಿ ಇದ್ದ ಜಾಗಕ್ಕೇ.

ಕ್ರಿಯಾಟಿನಿನ್ ಮಾತ್ರ ಹಳೆಯ ಜಾಗಕ್ಕೆ ಬರಲಿಲ್ಲ. 1.4ರಲ್ಲಿ ನಿಂತಿದೆ. ಆ 0.2 ಅಮ್ಮನ ಕಿಡ್ನಿಯಲ್ಲಿ ನಾವು ಕಳೆದುಕೊಂಡ ಭಾಗ. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದನ್ನೆಲ್ಲ ಹೇಳಿದರೆ ನಮ್ಮ ನೆಂಟರಲ್ಲಿ ಕೆಲವರಿಗೆ ಕೋಪ ಬರುತ್ತದೆ. ಸಾವಿರಾರು ವರ್ಷದಿಂದ ತಿಂದ ಅರಿಶಿನ ಈಗ ವಿಷ ಆಯ್ತಾ, ಅನ್ನುತ್ತಾರೆ. ವಿಷ ಅಂತ ನಾನೂ ಹೇಳುತ್ತಿಲ್ಲ. ಸಾವಿರಾರು ವರ್ಷ ಅರಿಶಿನ ತಿಂದವರು ಟ್ಯಾಕ್ರೊಲಿಮಸ್ ಜೊತೆ ತಿಂದಿರಲಿಲ್ಲ, ಅಷ್ಟೇ. ನ್ಯಾಚುರಲ್ ಅಂದರೆ ತೊಂದರೆ ಇಲ್ಲ ಅನ್ನುವ ಮಾತೂ ಬರುತ್ತದೆ. ಟ್ಯಾಕ್ರೊಲಿಮಸ್ ಕೂಡ ನ್ಯಾಚುರಲ್ಲೇ. ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1984ರಲ್ಲಿ ಸಿಕ್ಕಿದ್ದು ಅದು.

ಅಮೃತಬಳ್ಳಿಯ ಬಗ್ಗೆಯೂ ಹೇಳಲೇಬೇಕು. ಪಕ್ಕದ ಮನೆಯವರು ಎರಡು ಸಲ ತಂದುಕೊಟ್ಟಿದ್ದರು, ಅದೃಷ್ಟಕ್ಕೆ ನಾನು ಕಷಾಯಕ್ಕೆ ಹಾಕಿರಲಿಲ್ಲ. ಕೋವಿಡ್ ಕಾಲದಲ್ಲಿ ಇಮ್ಯುನಿಟಿ ಹೆಚ್ಚಾಗಲಿ ಅಂತ ಎಲ್ಲರೂ ಕುಡಿದರಲ್ಲ, ಆಗ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಅದು ಒಂದು ಕಡೆ ಇರಲಿ. ಕಸಿಯಾದವರು ಇಮ್ಯುನಿಟಿ ಇಳಿಸಲು ಸಾವಿರಾರು ರೂಪಾಯಿಯ ಮಾತ್ರೆ ನುಂಗುತ್ತಿರುತ್ತಾರೆ. ಅವರಿಗೆ ಇಮ್ಯುನಿಟಿ ಏರಿಸುವ ಯಾವುದನ್ನೂ ಪ್ರೀತಿಯಿಂದಲೂ ಕೊಡಬೇಡಿ, ದಯವಿಟ್ಟು.

ಡಿಸ್ಚಾರ್ಜ್ ದಿನ ನಾನು ಕೇಳಿದ ಮೊದಲ ಪ್ರಶ್ನೆ, ಇನ್ನು ಸಾರಿಗೆ ಮೆಣಸು ಹಾಕಬಾರದಾ ಅಂತ. ಫಾರ್ಮಸಿಸ್ಟ್ ನಕ್ಕಳು. ದಿನಾ ತಿನ್ನುವ ಅಡುಗೆಯಲ್ಲಿ ದಿನಾ ಬೀಳುವಷ್ಟು ಅರಿಶಿನ, ಮೆಣಸು, ಜೀರಿಗೆ, ಇಂಗು ಎಲ್ಲ ಇರಲಿ ಅಂದಳು. ನಿಮ್ಮ ತಂದೆಯ ಡೋಸ್ ಕೂತಿರುವುದೇ ಆ ಊಟದ ಮೇಲೆ. ಜೂನ್‌ನ 7.8 ಬಂದಾಗಲೂ ಅವರು ಸಾರು ಉಣ್ಣುತ್ತಲೇ ಇದ್ದರಲ್ಲ? ತೊಂದರೆ ಇರುವುದು ಹಠಾತ್ತಾಗಿ ಚಮಚಗಟ್ಟಲೆ ಶುರು ಮಾಡುವುದರಲ್ಲಿ, ಸಾರ ಇಳಿಸಿದ ಕ್ಯಾಪ್ಸೂಲಿನಲ್ಲಿ, ಮತ್ತೆ ಹೇಳದೆ ನಿಲ್ಲಿಸುವುದರಲ್ಲಿ. ಹೇಳದೆ ನಿಲ್ಲಿಸುವುದು ಅನ್ನುವುದನ್ನು ಅವಳು ಎರಡು ಸಲ ಹೇಳಿದಳು. ಅಕಸ್ಮಾತ್ ಯಾರಾದರೂ ಇದನ್ನು ಓದಿ, ತಮ್ಮ ಮನೆಯಲ್ಲೂ ಇಂಥದ್ದು ನಡೆಯುತ್ತಿದೆ ಅಂತ ಗೊತ್ತಾದರೆ ಗಾಬರಿಯಲ್ಲಿ ಇವತ್ತೇ ಸದ್ದಿಲ್ಲದೆ ನಿಲ್ಲಿಸಬೇಡಿ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ಯಾವಾಗ ನಿಲ್ಲಿಸಬೇಕು, ಯಾವಾಗ ರಕ್ತ ಕೊಡಬೇಕು ಅಂತ ಅವರು ಹೇಳುತ್ತಾರೆ. ಟ್ಯಾಕ್ರೊಲಿಮಸ್ ಡೋಸನ್ನಂತೂ ನಾವಾಗಿ ಮುಟ್ಟುವ ಹಾಗೇ ಇಲ್ಲ.

ಮನೆಗೆ ಬಂದ ಮೇಲೆ ಮಾತ್ರೆಯ ಪುಸ್ತಕದಲ್ಲಿ ನಾನು ಇನ್ನೊಂದು ಕಾಲಂ ಎಳೆದೆ. ಡೋಸ್, ಲೆವೆಲ್, ಕ್ರಿಯಾಟಿನಿನ್ ಪಕ್ಕದಲ್ಲಿ ‘ಹೊಸದು’ ಅಂತ. ಯಾರ ಮನೆಯ ಲೇಹ್ಯ, ಯಾರು ಕೊಟ್ಟ ಪುಡಿ, ಎಷ್ಟು ದಿನ ಭೇದಿ, ಎಲ್ಲ ಅಲ್ಲಿಗೆ. ಕಾಲಂ ಹೆಚ್ಚಾಗಿ ಖಾಲಿಯೇ ಇರುತ್ತದೆ.

ಜನವರಿಯಲ್ಲಿ ಅಪ್ಪನಿಗೆ ಮತ್ತೆ ಶೀತವಾಯಿತು. ಬಾಯಿ ಕೆಟ್ಟಿದೆ, ಮೆಣಸಿನ ಸಾರು ಮಾಡು ಅಂತ ಅಮ್ಮನನ್ನು ಕೇಳಿದರು. ಅಮ್ಮ ಒಲೆ ಹಚ್ಚುವ ಮುಂಚೆ ನನ್ನಿಂದ ಫೋನ್ ಮಾಡಿಸಿದರು. ಅದೇ ಹುಡುಗಿ ಎತ್ತಿದಳು. ಎಷ್ಟು ಮೆಣಸು ಹಾಕ್ತೀರಿ ಅಂತ ಕೇಳಿದಳು. ಅಮ್ಮ ಡಬ್ಬಿಯಿಂದ ಅಂಗೈಗೆ ಸುರಿದುಕೊಂಡು ಎಣಿಸಿದರು. ನಾಲ್ಕು ಜನಕ್ಕೆ ಹದಿನೈದು ಕಾಳು. ಮಾಡಿ ಅಮ್ಮಾ, ಉಣ್ಣಲಿ, ಸೋಮವಾರ ಹೇಗೂ ಲೆವೆಲ್ ಟೆಸ್ಟ್ ಇದೆಯಲ್ಲ, ಅಂದಳು. ‘ಹೊಸದು’ ಕಾಲಂನಲ್ಲಿ ಮೆಣಸಿನ ಸಾರು, ಹದಿನೈದು ಕಾಳು, ಒಂದು ಹೊತ್ತು ಅಂತ ಬರೆದೆ. ಸೋಮವಾರ ಲೆವೆಲ್ 7.6 ಬಂತು.